ಅವರೆಕಾಳು ನೆನೆಹಾಕಿದ ದಿನಗಳು

ನಮ್ಮ ಮನೆಯಿಂದ ಊರಿಗೆ ಸುದ್ದಿಯೊಂದು ಹೊರಡಲಿದೆ ಎಂಬುದು ನನಗೆ ಅವರೆಕಾಳಿನ ಪಾತ್ರೆ ನೋಡಿದರೆ ಗೊತ್ತಾಗುತ್ತಿತ್ತು. ಮನೆಯ ಒಂಬತ್ತು ಜನಕ್ಕೆ ಹಿತಕಿದ ಬೇಳೆಯ ಸಾರಿಗೆ ಒಂದು ಸೇರು ಕಾಳು ಸಾಕು. ದೊಡ್ಡವ್ವ ಅಷ್ಟೇ ನೆನೆಹಾಕಿದ್ದರೆ ಅದು ಬರೀ ಸಾರು. ನಾಲ್ಕು ಸೇರು ನೆನೆದಿದ್ದರೆ ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಚಾಪೆ ಬೀಳುತ್ತಿತ್ತು, ಅಕ್ಕಪಕ್ಕದ ಆರೇಳು ಹೆಂಗಸರು ಬಂದು ಪಾತ್ರೆಯ ಸುತ್ತ ಕೂರುತ್ತಿದ್ದರು. ನೆನೆದ ಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಜಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕೈಗೆ ಕೆಲಸ, ಬಾಯಿಗೆ ಬಿಡುವು, ಕಣ್ಣು ಕೆಳಗೆ. ಈ ಮೂರೂ ಒಟ್ಟಿಗಿದ್ದಾಗ ಮನುಷ್ಯರು ಎಷ್ಟು ಸುಲಭವಾಗಿ ನಂಬುತ್ತಾರೆ ಎಂಬುದನ್ನು ನಾನು ಮೈಸೂರಿನಲ್ಲಿ ಓದಿದ, ಆಮೇಲೆ ಹೊಳೆನರಸೀಪುರದಲ್ಲೂ ಹಾಸನದಲ್ಲೂ ನಿವೃತ್ತಿಯಾಗುವವರೆಗೆ ಪಾಠ ಮಾಡಿದ ಪುಸ್ತಕಗಳು ಯಾವುವೂ ಹೇಳಿಲ್ಲ. ನಾನು ಕಲಿಸುತ್ತಿದ್ದದ್ದು ರಾಜ್ಯಶಾಸ್ತ್ರ. ಜನರನ್ನು ಒಪ್ಪಿಸುವ ತಂತ್ರಗಳ ಬಗ್ಗೆ ಒಂದು ಪಾಠವಿತ್ತು. ಪುಸ್ತಕದಲ್ಲಿ ಯುದ್ಧದ, ಸರ್ವಾಧಿಕಾರಿಗಳ ಉದಾಹರಣೆಗಳಿದ್ದವು. ನಾನು ಅವನ್ನೇ ಹೇಳುತ್ತಿದ್ದೆ. ಆದರೆ ಪ್ರತಿ ವರ್ಷವೂ ಆ ಪಾಠದ ದಿನ ನನ್ನ ಮೂಗಿಗೆ ಅವರೆ ಸಿಪ್ಪೆಯ ಹಸಿ ವಾಸನೆ ಬರುತ್ತಿತ್ತು.

ನಮ್ಮೂರು ಹಾಸನ ತಾಲ್ಲೂಕಿನ ದುದ್ದದಿಂದ ಸ್ವಲ್ಪ ಒಳಕ್ಕೆ. ತೆಂಗು, ರಾಗಿ, ಮನೆಗೆ ಎರಡು ಹಸು. ಅಪ್ಪನ ಅಣ್ಣನ ಹೆಂಡತಿ ನಂಜಮ್ಮ, ನನ್ನ ದೊಡ್ಡವ್ವ, ಚನ್ನರಾಯಪಟ್ಟಣದ ಕಡೆಯವಳು, ಮನೆಯ ಯಜಮಾನಿ. ನನ್ನ ಅವ್ವ ಜಯಮ್ಮ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವಳು, ಹತ್ತನೇ ಕ್ಲಾಸು ಓದಿದವಳು. ಆ ಮನೆಗೆ ಸೊಸೆಯರಾಗಿ ಬಂದವರಲ್ಲಿ ಓದು ಬರುತ್ತಿದ್ದದ್ದು ಅವಳೊಬ್ಬಳಿಗೇ. ಅದೇ ತಪ್ಪಾಯಿತೋ ಏನೋ. ಒಲೆಯ ಮುಂದೆ ದೊಡ್ಡವ್ವನದೇ ಜಾಗ. ಮುದ್ದೆ ತಿರುವುವಾಗ ಎರಡು ಪಾದಗಳಿಂದ ಪಾತ್ರೆಯನ್ನು ಒತ್ತಿ ಹಿಡಿದು, ಕೋಲನ್ನು ಒಂದೇ ಸಮ ಸುತ್ತುತ್ತ, ಒಂದೇ ಮಾತನ್ನು ಬೇರೆ ಬೇರೆ ರೀತಿ ಹೇಳುತ್ತಿದ್ದಳು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಬಡಿಸುವಾಗ ಒಂದು ಸಲ. ಎರಡನೆಯ ದಿನಕ್ಕೆ ಆ ಮಾತು ಯಾರದು ಎಂಬುದೇ ಮರೆತುಹೋಗುತ್ತಿತ್ತು. ಮೂರನೆಯ ದಿನ ಅಪ್ಪನೇ ಅದನ್ನು ತನ್ನ ಮಾತಿನಂತೆ ಆಡುತ್ತಿದ್ದರು. ನಾನು ಅವಳನ್ನು ಕೆಟ್ಟವಳಾಗಿ ಬರೆಯಲು ಕೂತಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೆನಪು ನನ್ನ ಪರವಾಗಿಯೇ ವಾದಿಸುವ ವಕೀಲ ಎಂಬುದೂ ನನಗೆ ಗೊತ್ತು. ಆದ್ದರಿಂದ ಇದನ್ನೂ ಬರೆಯುತ್ತೇನೆ: ನನಗೆ ದಡಾರ ಬಂದಾಗ ಹನ್ನೊಂದು ದಿನ ಬೇವಿನ ಸೊಪ್ಪು ಹಿಡಿದು ಪಕ್ಕದಲ್ಲಿ ಕೂತಿದ್ದವಳು ದೊಡ್ಡವ್ವ. ಅವಳ ಮುದ್ದೆಯಲ್ಲಿ ಗಂಟು ಇರುತ್ತಿರಲಿಲ್ಲ.

ಊರಿನಲ್ಲಿ ಹೆಂಗಸರದೇ ಒಂದು ಡೈರಿ ಶುರುವಾಗಿತ್ತು. ಮೊದಲನೆಯ ಅಧ್ಯಕ್ಷೆ ಯಾರಾಗಬೇಕು ಎಂಬ ಮಾತು ಬಂದಾಗ ಹೆಂಗಸರು ತಾವಾಗಿಯೇ ಅವ್ವನ ಹೆಸರು ಹೇಳಿದರು. ಕಾಗದ ಓದುತ್ತಾಳೆ, ದನದ ಡಾಕ್ಟರ ಹತ್ತಿರ ಮಾತಾಡುತ್ತಾಳೆ ಎಂದು. ಭಾನುವಾರ ಸಭೆ ಸೇರಿ ಕೈ ಎತ್ತುವುದೊಂದೇ ಬಾಕಿ. ಆ ವಾರವೇ ಒಂದು ಬೆಳಿಗ್ಗೆ ನಮ್ಮ ಮನೆಯ ಹಾಲಿಗೆ ಡಿಗ್ರಿ ಬರಲಿಲ್ಲ. ಹಾಲಿನೊಳಗೆ ಗಾಜಿನ ಬುರುಡೆ ಇಳಿಬಿಟ್ಟು ಅದು ಎಷ್ಟು ತೇಲುತ್ತದೆ ಎಂದು ನೋಡುತ್ತಾರೆ. ನೀರು ಬೆರೆತಿದ್ದರೆ ಬುರುಡೆ ಮುಳುಗುತ್ತದೆ. ಮುಳುಗಿತು. ಕ್ಯಾನು ಹೊತ್ತುಕೊಂಡು ಹೋಗಿದ್ದವಳು ಅವ್ವ. ಹಾಲು ಹಾಕಲು ಸಾಲುಗಟ್ಟಿ ನಿಂತಿದ್ದವರೆಲ್ಲ ನೋಡಿದರು. ಆಗ ತಾನೇ ಕರೆದ ಬಿಸಿ ಹಾಲಿನಲ್ಲಿ ಬುರುಡೆ ಹೆಚ್ಚು ಮುಳುಗುತ್ತದೆ, ಹಾಲು ತಣಿಸಿ ನೋಡಬೇಕು ಎಂದು ಎಷ್ಟೋ ವರ್ಷಗಳ ಮೇಲೆ ಪಶುವೈದ್ಯರೊಬ್ಬರು ನನಗೆ ಹೇಳಿದರು. ಆ ದಿನ ಹಸು ಒದ್ದಾಡಿ ಹಾಲು ಇಳಿಸುವುದು ತಡವಾಗಿತ್ತು, ಅವ್ವ ನೊರೆ ಆರುವ ಮೊದಲೇ ಓಡಿದ್ದಳು ಎಂದು ನನಗೆ ನೆನಪು. ಆದರೆ ಈ ನೆನಪು ವೈದ್ಯರ ಮಾತು ಕೇಳುವ ಮೊದಲೂ ಇತ್ತೇ? ನನ್ನ ಹಳೆಯ ದಿನಚರಿಗಳಲ್ಲಿ ಎಲ್ಲೂ ಇಲ್ಲ. ಹಾಗಾಗಿ ಅದನ್ನು ಸಾಕ್ಷಿಯಾಗಿ ಇಡಲಾರೆ.

ಅಂದು ಸ್ಕೂಲಿನಿಂದ ಬಂದಾಗ ದೊಡ್ಡವ್ವ ನನ್ನನ್ನು ಒಲೆಯ ಪಕ್ಕ ಕೂರಿಸಿಕೊಂಡು ಬೆಳಿಗ್ಗೆ ಅವ್ವ ಕೊಟ್ಟಿಗೆಯಲ್ಲಿ ಏನು ಮಾಡುತ್ತಿದ್ದಳೆಂದು ಕೇಳಿದಳು. ಕೋಪದಿಂದಲ್ಲ. ಕೊಬ್ಬರಿ, ಬೆಲ್ಲ ಕೈಗೆ ಕೊಟ್ಟು ಕೇಳಿದಳು. ಹಾಲು ಕರೆಯುವ ಮುಂಚೆ ಕ್ಯಾನಿಗೆ ಒಂದು ಚೊಂಬು ನೀರು ಹಾಕಿ ಕುಲುಕಿ ಚೆಲ್ಲುವುದು ಎಲ್ಲರ ಮನೆಯ ಅಭ್ಯಾಸ. ನಾನು ನೋಡಿದ್ದನ್ನೇ ಹೇಳಿದೆ. ಅವ್ವ ಕ್ಯಾನಿಗೆ ನೀರು ಹಾಕಿ ತೊಳೆದು ಚೆಲ್ಲಿದಳು ಎಂದೆ. ಮಾರನೆಯ ದಿನ ಮತ್ತೆ ಕೇಳಿದಳು. ಅರ್ಧ ಹೇಳುವಷ್ಟರಲ್ಲಿ, ನೀರು ಹಾಕಿದ್ದಂತೂ ನೋಡಿದೆ ಅಲ್ಲವಾ, ಅಷ್ಟು ಸಾಕು ಬಿಡು ಎಂದಳು. ಮತ್ತೆ ಬೆಲ್ಲ. ಮೂರನೆಯ ದಿನ ನಾನೇ ಅಷ್ಟಕ್ಕೆ ನಿಲ್ಲಿಸಿದೆ. ಒಂದು ಮಾತಿನ ಬಾಲ ಕತ್ತರಿಸಿದರೆ ಅದು ಬೇರೆಯೇ ಪ್ರಾಣಿಯಾಗುತ್ತದೆ ಎಂದು ಮುಂದೆ ತರಗತಿಯಲ್ಲಿ ಹೇಳುವಾಗ ವಿದ್ಯಾರ್ಥಿಗಳು ನಗುತ್ತಿದ್ದರು. ನಾನು ಬೋರ್ಡಿನ ಕಡೆ ತಿರುಗಿಕೊಳ್ಳುತ್ತಿದ್ದೆ.

ಆ ಶುಕ್ರವಾರ ನಾಲ್ಕು ಸೇರು ಕಾಳು ನೆನೆದಿತ್ತು. ಅವ್ವ ಹೊಲಕ್ಕೆ ಹೋಗಿದ್ದಳು. ಹೆಂಗಸರು ಬಂದು ಕೂತರು, ಸ್ಕೂಲಿಗೆ ರಜೆಯಿದ್ದ ನಾನೂ ಪಕ್ಕದಲ್ಲಿ ಕೂತೆ. ದೊಡ್ಡವ್ವ ಅವ್ವನ ಮೇಲೆ ಒಂದು ದೂರನ್ನೂ ಹೇಳಲಿಲ್ಲ. ಮೊದಲು ಹೊಗಳಿದಳು. ಓದಿದವಳು, ಬುದ್ಧಿವಂತೆ, ನಮ್ಮಂಥ ಹೆಬ್ಬೆಟ್ಟಿನವರಿಗೆ ಅವಳ ಲೆಕ್ಕಾಚಾರ ಎಲ್ಲಿ ತಿಳಿಯಬೇಕು ಎಂದಳು. ಅಲ್ಲಿ ಕೂತಿದ್ದವರೆಲ್ಲ ಹೆಬ್ಬೆಟ್ಟಿನವರೇ. ಎಲ್ಲರೂ ಒಂದು ಕಡೆಯಾದರು, ಅವ್ವ ಒಬ್ಬಳೇ ಇನ್ನೊಂದು ಕಡೆ. ಆಮೇಲೆ ಊರು ಏನೇನೋ ಅನ್ನುತ್ತಿದೆ, ತನಗಂತೂ ನಂಬಿಕೆಯಿಲ್ಲ ಎಂದಳು. ಊರು ಇನ್ನೂ ಏನೂ ಅಂದಿರಲಿಲ್ಲ. ಊರು ಎಂದರೆ ಆ ಚಾಪೆಯ ಮೇಲೆ ಕೂತಿದ್ದವರು, ಮತ್ತು ಅವರು ಆಗ ತಾನೇ ಕೇಳಿಸಿಕೊಳ್ಳುತ್ತಿದ್ದರು. ಯಾರೋ ಒಬ್ಬಳು ಏನಂತೆ ಎಂದು ಕೇಳಿದಳು. ದೊಡ್ಡವ್ವ ಕಾಳು ಒತ್ತುತ್ತಲೇ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ, ಏಕೆಂದರೆ ಮುಂದೆ ನಾನದನ್ನು ಬಳಸಿಕೊಂಡೆ:

"ನಾನೇನೂ ಏಳಾಕಿಲ್ಲ ಕಣವ್ವ. ಊರೇ ಏಳ್ತಾ ಐತೆ. ಹೊಳೆ ಕಡೆಯೋರು, ಅವ್ರ್ಗೆ ನೀರಿಗೇನ್ ಬರ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಲ್ಲಿಪಟ್ಟಣದ ಕಡೆ ಹೊಳೆ ಇರುವುದು ನಿಜ, ನಮ್ಮ ಕಡೆ ಬೋರ್‌ವೆಲ್ ನಂಬಿ ಬದುಕುವುದೂ ನಿಜ. ಎರಡು ನಿಜಗಳ ನಡುವೆ ಒಂದು ಸುಳ್ಳು ಆರಾಮಾಗಿ ಕೂತುಕೊಂಡಿತು. ಸಂಜೆಯ ಹೊತ್ತಿಗೆ ಅವ್ವನಿಗೆ ಹೆಸರು ಬಿದ್ದಿತ್ತು: ನೀರ್ ಜಯಮ್ಮ. ಒಂದು ಆರೋಪಕ್ಕಾದರೆ ಉತ್ತರ ಕೊಡಬಹುದು. ಅಡ್ಡಹೆಸರಿಗೆ ಏನೆಂದು ಉತ್ತರ ಕೊಡುವುದು? ಮಕ್ಕಳು ಕೂಗಿದರೆ ತಿರುಗಿ ನೋಡಬೇಕು, ಅಷ್ಟೇ. ಅಪ್ಪ ಅಂದು ಊಟಕ್ಕೆ ಕೂತು, ಮುದ್ದೆ ಮುರಿಯುತ್ತ, ಹಾಕಿದ್ದರೆ ಹಾಕಿದೆ ಎಂದು ಒಪ್ಪಿಕೊಂಡುಬಿಡು, ಮುಗಿದುಹೋಗುತ್ತದೆ ಎಂದರು. ಅವ್ವ ಅವರ ತಟ್ಟೆಗೆ ಸಾರು ಬಿಟ್ಟಳು. ತಾನು ಆ ದಿನ ಊಟ ಮಾಡಲಿಲ್ಲ. ಅಪ್ಪನನ್ನೂ ನಾನು ಕ್ಷಮಿಸಿಲ್ಲ. ಅವರ ಅಧ್ಯಾಯ ಬೇರೆ.

ಭಾನುವಾರ ಡೈರಿಯ ಮುಂದೆ ಹೆಂಗಸರೆಲ್ಲ ಸೇರಿದ್ದರು. ಅವ್ವ ಎದ್ದು ನಿಂತು, ತಾನು ನೀರು ಹಾಕಿಲ್ಲ, ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ ಎಂದಳು. ಕೆಲವರು ತಲೆ ಆಡಿಸಿದರು. ಇನ್ನೊಂದು ಗಳಿಗೆಯಾಗಿದ್ದರೆ ಕೈಗಳು ಮೇಲೇಳುತ್ತಿದ್ದವೇನೋ. ದೊಡ್ಡವ್ವ ನನ್ನನ್ನು ಕರೆದು ತನ್ನ ಮುಂದೆ ನಿಲ್ಲಿಸಿಕೊಂಡು, ತಲೆಯ ಮೇಲೆ ಕೈಯಿಟ್ಟಳು.

"ನಾವೆಲ್ಲ ದೊಡ್ಡೋರು, ನಮ್ಗೆ ಆಸೆ ಇರ್ತದೆ. ಮಗಿಗೇನ್ ಆಸೆ? ಲಲಿತಿ, ಅವತ್ತು ಕ್ಯಾನಿಗೆ ನಿಮ್ಮವ್ವ ಏನ್ ಹಾಕುದ್ಲು, ಏಳವ್ವ."

"ನೀರು," ಎಂದೆ.

"ನೀನೇ ನೋಡುದ್ಯಾ?"

"ನೋಡ್ದೆ."

ಅವ್ವ ನನ್ನನ್ನು ನೋಡಿದಳು. ನಾನು ಅಳುತ್ತೇನೆಂದೋ, ಮಾತು ತಿದ್ದುತ್ತೇನೆಂದೋ ಕಾಯುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ನಾನು ದೊಡ್ಡವ್ವ ಮೆಚ್ಚಿದಳೇ ಎಂದು ತಲೆಯೆತ್ತಿ ಅವಳ ಮುಖ ನೋಡುತ್ತಿದ್ದೆ. ಅವ್ವ ಬಂದು, ಬಿಚ್ಚಿಹೋಗಿದ್ದ ನನ್ನ ಜಡೆಯ ಟೇಪನ್ನು ಕಟ್ಟಿ, ನಡಿ ಓಗವಾ ಎಂದಳು. ನಾವಿಬ್ಬರೂ ಮನೆಗೆ ಬಂದೆವು. ನಮ್ಮ ಬೆನ್ನ ಹಿಂದೆ ದೊಡ್ಡವ್ವನನ್ನು ಅಧ್ಯಕ್ಷೆ ಮಾಡಲು ಕೈಗಳು ಎದ್ದವು. ಅವ್ವ ಅದಾದ ಮೇಲೆ ಡೈರಿಗೆ ಕಾಲಿಡಲಿಲ್ಲ. ಆ ಮಾತನ್ನು ನನ್ನ ಹತ್ತಿರ ಎತ್ತಲೂ ಇಲ್ಲ. ಅವಳು ಒಂದು ಏಟು ಹೊಡೆದಿದ್ದರೆ ನಾನು ಬೇರೆ ಹೆಂಗಸಾಗಿ ಬೆಳೆಯುತ್ತಿದ್ದೆ.

ನನ್ನ ಕಷ್ಟ ಇಷ್ಟೇ ಅಲ್ಲ. ಅವ್ವ ಹಾಲಿಗೆ ನೀರು ಸುರಿಯುವುದು ನನಗೆ ಇವತ್ತಿಗೂ ಕಾಣುತ್ತದೆ. ಹಸಿರು ಸೀರೆ, ಹಿತ್ತಾಳೆ ಚೊಂಬು, ಬಿಳಿಯ ಮೇಲೆ ನೀರಿನ ದಾರ. ವರ್ಷಗಟ್ಟಲೆ ನಾನು ಅದನ್ನು ನಂಬಿದೆ. ದೊಡ್ಡವ್ವ ಆಸೆಬುರುಕಿ ಇರಬಹುದು, ಆದರೆ ಅವ್ವನೂ ತಪ್ಪು ಮಾಡಿದ್ದಳು ಎಂದುಕೊಂಡು, ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಅವಳ ಮೇಲೆ ಸಿಡುಕುತ್ತಿದ್ದೆ. ಆಮೇಲೆ ಆ ಚಿತ್ರವನ್ನು ಪರೀಕ್ಷಿಸಲು ಶುರುಮಾಡಿದೆ. ಅದರಲ್ಲಿ ಕ್ಯಾನು ಸ್ಟೀಲಿನದು. ನಮ್ಮ ಮನೆಗೆ ಸ್ಟೀಲ್ ಕ್ಯಾನು ಬಂದದ್ದು ನಾನು ಹೈಸ್ಕೂಲಿಗೆ ಹೋದ ಮೇಲೆ. ಅದರಲ್ಲಿ ನಾನೂ ಇದ್ದೇನೆ, ಎರಡು ಜಡೆ ಹಾಕಿಕೊಂಡು ಕೊಟ್ಟಿಗೆಯ ಎದುರು ಹಜಾರದ ಕಂಬದ ಪಕ್ಕ ನಿಂತಿದ್ದೇನೆ. ನನ್ನ ಕಣ್ಣಿನಿಂದ ನೋಡಿದ್ದಾಗಿದ್ದರೆ ನಾನು ಹೇಗೆ ಕಾಣಬೇಕು? ಇಷ್ಟೆಲ್ಲ ತರ್ಕ ಮಾಡಿದರೂ ಚಿತ್ರ ಅಳಿಯಲಿಲ್ಲ. ತರ್ಕ ತಲೆಯಲ್ಲಿತ್ತು. ಚಿತ್ರ ಕಣ್ಣಿನಲ್ಲಿತ್ತು. ಅವ್ವ ತೀರಿಕೊಂಡ ಹನ್ನೊಂದನೆಯ ದಿನ ತಿಥಿಗೆ ಬಂದ ಯಾರೋ ನಮ್ಮ ಬಾಗಿಲ ಮುಂದೆಯೇ ನಿಂತು, ನೀರ್ ಜಯಮ್ಮನ ಮನೆ ಯಾವುದು ಎಂದು ಕೇಳಿದರು. ದೊಡ್ಡವ್ವ ಪಕ್ಕದಲ್ಲಿಯೇ ಇದ್ದಳು. ಇದೇ ಎಂದು ಕೈ ತೋರಿಸಿದಳು. ಅವತ್ತಿನ ದಿನಚರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ಇದಕ್ಕೆ ಉತ್ತರ ಕೊಡುತ್ತೇನೆ.

ದೊಡ್ಡವ್ವ ಅಧ್ಯಕ್ಷೆಯಾಗಿ ಕೆಲಸ ಮಾಡಿದಳು. ಹಟ ಹಿಡಿದು ಹೋಬಳಿಯಿಂದ ಡಾಕ್ಟರನ್ನು ಕರೆಸುತ್ತಿದ್ದಳು, ವಿಧವೆಯರ ಮನೆಗೆ ಹಸು ಕೊಡಿಸಿದಳು. ಬರೆಯಲು ಹೊಟ್ಟೆ ಉರಿಯುತ್ತದೆ, ಆದರೂ ಬರೆದಿದ್ದೇನೆ. ಹೋದ ಚಳಿಗಾಲದಲ್ಲಿ ಡೈರಿಗೆ ಹೊಸ ಕಟ್ಟಡವಾಯಿತು. ಗೋಡೆಯ ಕಲ್ಲಿನ ಮೇಲೆ ಅವಳ ಹೆಸರು, ಅವಳಿಗೆ ಶಾಲು, ಹಾರ. ಅವಳ ಮಗ ಮಂಜಣ್ಣ ಹಾಸನಕ್ಕೆ ಫೋನು ಮಾಡಿ, ಮನೆಮಗಳು, ಓದಿಕೊಂಡವಳು, ನೀನೇ ನಾಲ್ಕು ಮಾತಾಡಬೇಕು ಅಕ್ಕ ಎಂದ. ಬರುತ್ತೇನೆ ಎಂದೆ. ಒಂದು ವಾರ ಮೊದಲೇ ಹೋದೆ. ಪಾಲಾದ ಮೇಲೆ ನಮ್ಮ ಭಾಗಕ್ಕೆ ಬಂದ ಹಜಾರವನ್ನು ಗುಡಿಸಿ, ಚಾಪೆ ಹಾಸಿ, ನಾಲ್ಕು ಸೇರು ಅವರೆಕಾಳು ನೆನೆಹಾಕಿದೆ.

ಹೆಂಗಸರು ಬಂದರು. ನಾನು ಮೊದಲು ದೊಡ್ಡವ್ವನನ್ನು ಹೊಗಳಿದೆ. ಊರಿಗೆ ಎಷ್ಟು ಮಾಡಿದ್ದಾಳೆ, ದೊಡ್ಡವರ ಮನೆಯ ಲೆಕ್ಕಾಚಾರ ನಮಗೆಲ್ಲಿ ತಿಳಿಯಬೇಕು ಎಂದೆ. ಆಮೇಲೆ, ಕಾಳು ಒತ್ತುತ್ತ, ಒಂದು ಪ್ರಶ್ನೆ ಕೇಳಿದೆ. ಡಿಗ್ರಿ ಬಾರದ ಆ ದಿನ ಡೈರಿಗೆ ಹೋದ ಕ್ಯಾನು ಒಂದೇ, ಆದರೆ ಹಾಲು ಕರೆದವರು ಇಬ್ಬರು, ದೊಡ್ಡವ್ವನೂ ಅವ್ವನೂ. ಇದು ನಿಜ. ಹಾಗಿದ್ದ ಮೇಲೆ ಒಬ್ಬಳ ಹೆಸರೇ ಏಕೆ ಬಂತು, ಅಧ್ಯಕ್ಷೆಯಾದದ್ದು ಯಾರು ಎಂದೆ. ಅಷ್ಟೇ. ಒಂದು ಸುಳ್ಳನ್ನೂ ಹೇಳಲಿಲ್ಲ. ದೊಡ್ಡವ್ವನೂ ಅಂದು ಅವ್ವ ನೀರು ಹಾಕಿದಳೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಕೈಗಳು ಒಂದು ಕ್ಷಣ ನಿಂತು ಮತ್ತೆ ಓಡಿದವು. ಮಾರನೆಯ ದಿನ ಹಾಲು ಹಾಕುವ ಸಾಲಿನಲ್ಲಿ ಆ ಪ್ರಶ್ನೆ ಉತ್ತರವಾಗಿತ್ತು. ಅದರ ಮಾರನೆಯ ದಿನ ಹೆಂಗಸರ ಫೋನುಗಳಲ್ಲಿ ಕೈಮುಗಿಯುವ ಚಿತ್ರಗಳ ನಡುವೆ ಓಡಾಡುತ್ತಿತ್ತು. ನನಗೆ ಸಂತೋಷವಾಯಿತು. ಅದನ್ನು ಬೇರೆ ಹೆಸರಿನಿಂದ ಕರೆಯಲು ಪ್ರಯತ್ನಿಸಿದೆ, ಆಗಲಿಲ್ಲ. ಸಂತೋಷವೇ.

ನಾಲ್ಕನೆಯ ದಿನ ಪಕ್ಕದ ಮನೆಯ ಸಾವಿತ್ರಿ ಮಜ್ಜಿಗೆ ತಂದುಕೊಟ್ಟು ಬಾಗಿಲಲ್ಲೇ ನಿಂತಳು. ಏನೋ ಹೇಳಬೇಕಾಗಿತ್ತು.

"ಇಷ್ಟ್ ವರ್ಷ ಒಟ್ಟೇಲೇ ಇಟ್ಕಂಡಿದ್ದೆ ಕಣಕ್ಕ. ನಂಜಮ್ಮತ್ತೆ ಅವತ್ತು ಕ್ಯಾನಿಗೆ ನೀರು ಉಯ್ದುದ್ದ ನಾನೇ ಕಣ್ಣಾರೆ ನೋಡಿದ್ದೆ. ಕಂಬದ್ ತವ ನಿಂತಿದ್ದೆ."

ಅವಳ ಕಣ್ಣಲ್ಲಿ ನೀರಿತ್ತು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಸಾವಿತ್ರಿ ಈ ಊರಿಗೆ ಸೊಸೆಯಾಗಿ ಬಂದದ್ದು ಆ ಘಟನೆಯಾಗಿ ಹನ್ನೆರಡು ವರ್ಷಗಳ ಮೇಲೆ. ಅವಳ ಮದುವೆಗೆ ಅಪ್ಪನ ಜೊತೆ ಅವಳ ತವರೂರು ಮೊಸಳೆಗೆ ಹೋಗಿ ಬಂದವಳು ನಾನು. ಅಂದು ಅವಳು ಆ ಕಂಬದ ಪಕ್ಕ ಇರಲು ಸಾಧ್ಯವೇ ಇಲ್ಲ. ಆ ಜಾಗದಲ್ಲಿ ನಿಂತಿದ್ದವಳು ನಾನು, ಅಥವಾ ನಿಂತಿದ್ದೆನೆಂದು ನಂಬಿದವಳು. ಅವಳು ಹೋದ ಮೇಲೆ ಮಜ್ಜಿಗೆ ಒಳಗಿಟ್ಟೆ. ಜೀವಮಾನವಿಡೀ ನನಗೆ ಸಿಗದಿದ್ದ ಪುರಾವೆ ಮಜ್ಜಿಗೆಯ ಚೊಂಬಿನ ಜೊತೆ ಬಂದಿತ್ತು. ನಾಲ್ಕು ದಿನ, ನಾಲ್ಕು ಸೇರು ಕಾಳು, ಒಂದು ಪ್ರಶ್ನೆ. ಇಷ್ಟರಿಂದ ಐವತ್ತು ದಾಟಿದ ಹೆಂಗಸಿನ ಕಣ್ಣೊಳಗೆ ಒಂದು ಚಿತ್ರ ಹುಟ್ಟಬಹುದಾದರೆ, ಬೆಲ್ಲ ಚೀಪುತ್ತಿದ್ದ ನಾಲ್ಕನೇ ಕ್ಲಾಸಿನ ಹುಡುಗಿಯ ಕಣ್ಣೊಳಗೆ ಹುಟ್ಟುವುದು ಎಷ್ಟರ ಮಾತು?

ಅದೇ ಸಂಜೆ ದೊಡ್ಡವ್ವ ಹೇಳಿಕಳಿಸಿದಳು. ನಡುಗೋಡೆಯ ಆಚೆ ಅವಳ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಹಾಗೇ ಇತ್ತು. ಬಾಗಿಲು ಹಾಕು ಎಂದಳು.

"ಯಾರೇ ಲಲಿತಿ ಇದ್ನ ಎಬ್ಬಿಸ್ದೋರು?"

"ನಾನೇನೂ ಏಳಾಕಿಲ್ಲ ದೊಡ್ಡವ್ವ. ಊರೇ ಏಳ್ತಾ ಐತೆ."

ಆ ಮಾತನ್ನು ಅವಳು ಗುರುತಿಸಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನಾನು ಉಯ್ದಿಲ್ಲ. ನಿಂಗೊತ್ತಲ್ಲ. ನಾಳಿದ್ದು ಮೈಕಲ್ಲಿ ಅದೊಂದ್ ಮಾತು ಏಳ್ಬುಡವ್ವ. ನೀನೇಳುದ್ರೆ ನಂಬ್ತಾರೆ."

ನಮ್ಮವ್ವನೂ ಉಯ್ದಿಲ್ಲ ಎಂದು ಮೊದಲು ನೀನು ಹೇಳು ಎಂದೆ. ಅವಳು ತಲೆಯೆತ್ತಿದಳು. ನಾಚಿಕೆಯೂ ಇಲ್ಲ, ಕೋಪವೂ ಇಲ್ಲ, ನಿಜವಾದ ಆಶ್ಚರ್ಯವಿತ್ತು.

"ಅದ್ನ ನಾನೆಂಗೇಳ್ಲಿ? ನಾನೇನ್ ಕಂಡಿದ್ನಾ? ನೋಡ್ದೆ ಅಂದೋಳು ನೀನಲ್ವೇನೇ?"

ನಾನು ಎದ್ದು ಬಂದೆ. ಅವಳಿಗೆ ನಾನು ಸಾಕ್ಷಿ, ನನಗೆ ಅವಳು ಸಾಕ್ಷಿ. ಇಷ್ಟು ವರ್ಷ ನಾವಿಬ್ಬರೂ ಒಬ್ಬರ ಬೆನ್ನಿಗೆ ಒಬ್ಬರು ಒರಗಿಕೊಂಡು ಕೂತಿದ್ದೆವು. ನೋಡಿದವರು ಯಾರೂ ಇರಲಿಲ್ಲ. ಆ ಕೋಣೆಯಿಂದ ನಮ್ಮ ಹಜಾರಕ್ಕೆ ಹತ್ತು ಹೆಜ್ಜೆ. ಕಂಬದ ಹತ್ತಿರ ಬಂದಾಗ ಕಣ್ಣು ಮುಚ್ಚಿ ಅವ್ವನನ್ನು ನೆನೆದೆ. ಹಸಿರು ಸೀರೆ, ಚೊಂಬು, ಕ್ಯಾನು ಎಲ್ಲ ಬಂದವು. ಅವ್ವ ಕ್ಯಾನು ಕುಲುಕಿದಳು, ಗೋಡೆಯ ಬುಡಕ್ಕೆ ಚೆಲ್ಲಿದಳು. ಇದು ನೆನಪೋ, ನಾನೇ ಈಗ ಹೊಲಿದುಕೊಂಡ ಬಾಲವೋ ಗೊತ್ತಿಲ್ಲ. ಇಟ್ಟುಕೊಂಡಿದ್ದೇನೆ.

ಸಮಾರಂಭದ ದಿನ ದೊಡ್ಡವ್ವ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದಳು. ಹೊಸ ಗೋಡೆಯ ಬಣ್ಣದ ವಾಸನೆ, ಹಾಲಿನ ವಾಸನೆ. ಮೈಕಿನ ಮುಂದೆ ನಿಂತು ನಾನು ಮೂರು ಮಾತು ಹೇಳಿದೆ. ನನ್ನ ಅವ್ವ ಜಯಮ್ಮ ಹಾಲಿಗೆ ನೀರು ಹಾಕಿದ್ದನ್ನು ನೋಡಿದೆ ಎಂದು ಚಿಕ್ಕವಳಿದ್ದಾಗ ಇದೇ ಊರಿನ ಮುಂದೆ ಹೇಳಿದ್ದೆ. ನಾನು ನೋಡಿಲ್ಲ. ಯಾರೂ ನೋಡಿಲ್ಲ. ಆಮೇಲೆ ತಲೆಗಳೆಲ್ಲ ನಿಧಾನವಾಗಿ ದೊಡ್ಡವ್ವನ ಕಡೆ ತಿರುಗಿದವು, ಹಾಗಾದರೆ ನೀರು ಹಾಕಿದವರು ಯಾರು ಎಂಬಂತೆ. ದೊಡ್ಡವ್ವ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅವ್ವ ಅಂದು ನನ್ನನ್ನು ನೋಡಿದ ಹಾಗೆಯೇ, ಇನ್ನೊಂದು ಮಾತಿಗಾಗಿ ಕಾಯುತ್ತ. ಆ ಮಾತು ನನ್ನ ನಾಲಗೆಯ ಮೇಲಿತ್ತು. ಎಲ್ಲರಿಗೂ ನಮಸ್ಕಾರ ಎಂದು ಕೆಳಗಿಳಿದೆ.

ಈ ಪುಸ್ತಕ ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ದೊಡ್ಡವ್ವನಿಗೆ ಕಳಿಸುತ್ತೇನೆ. ಅವಳಿಗೆ ಓದಲು ಬರುವುದಿಲ್ಲ. ಮಧ್ಯಾಹ್ನದ ಹೊತ್ತು ತನ್ನ ಕೋಣೆಯಲ್ಲಿ ಸೊಸೆಯನ್ನೋ ಮೊಮ್ಮಗಳನ್ನೋ ಕೂರಿಸಿಕೊಂಡು, ನನ್ನ ವಿಷಯ ಏನು ಬರೆದಿದ್ದಾಳೆ ನೋಡು ಎಂದು ಕೇಳಬೇಕಾಗುತ್ತದೆ. ಅವಳಿಗೆ ಬೇಕಾದ ಮಾತು ಇಲ್ಲಿದೆ, ನನ್ನ ಕೈಬರಹದಲ್ಲೇ ಮೊದಲು ಬರೆದದ್ದು: ನಂಜಮ್ಮ ಹಾಲಿಗೆ ನೀರು ಹಾಕಿದ್ದನ್ನು ಯಾರೂ ನೋಡಿಲ್ಲ, ಆ ಮಾತನ್ನು ಹುಟ್ಟಿಸಿದವಳು ನಾನು. ಅದನ್ನು ಅಧ್ಯಾಯದ ಕೊನೆಗೆ ಇಟ್ಟಿದ್ದೇನೆ. ಅಲ್ಲಿಗೆ ಬರಬೇಕಾದರೆ ಅವಳು ಮೊದಲಿನಿಂದ, ಒಂದು ಸಾಲೂ ಬಿಡದೆ, ಗಟ್ಟಿಯಾಗಿ ಓದಿಸಿಕೊಳ್ಳಬೇಕು.